ಭತ್ತದ ವೈರಸ್‌ಗಳ ಸೀರಮ್ ಸಂಬಂಧ
ಒಂದು ವೈರಸ್ಸಿನ ವಿರುದ್ಧ ಮೊಲದ ರಕ್ತದಲ್ಲಿ ಬೆಳೆಸಿದ ಪ್ರತಿಕಾಯಗಳು ಇನ್ನೊಂದರ ಹೊದಿಕೆ ಪ್ರೋಟೀನನ್ನೂ ಹಿಡಿದರೆ ಅವೆರಡಕ್ಕೂ ನಂಟಿದೆ ಎಂದು ತಿಳಿಯುವ ಕ್ರಮ. ಎಲೆಯ ರಸವನ್ನು ಎಲೈಸಾ ತಟ್ಟೆಯಲ್ಲಿ ಪರೀಕ್ಷಿಸಿದಾಗ ಮೂಡುವ ಬಣ್ಣ ಇದನ್ನು ತೋರಿಸುತ್ತದೆ. ಟುಂಗ್ರೊ ರೋಗದ್ದು ವಿಶೇಷ ಪ್ರಕರಣ. ಹಸಿರು ಜಿಗಿಹುಳು ಹರಡುವ ಅದರ ಎರಡು ವೈರಸ್‌ಗಳಲ್ಲಿ ಕಡ್ಡಿಯಾಕಾರದ್ದು ಡಿಎನ್‌ಎ ವೈರಸ್, ಗೋಳಾಕಾರದ್ದು ಆರ್‌ಎನ್‌ಎ ವೈರಸ್. ಇವುಗಳ ನಡುವೆ ಸೀರಮ್ ನಂಟಿಲ್ಲ. ಆದರೆ ಗೋಳಾಕಾರದ್ದೂ ಜಪಾನಿನ ವೈಕಾ ವೈರಸ್ಸೂ ಇದೇ ಪರೀಕ್ಷೆಯಲ್ಲಿ ಬೇರೆಯಾಗಿ ಕಾಣಲಿಲ್ಲ. ಗದ್ದೆಯಲ್ಲಿ ರೋಗ ಗುರುತಿಸಲೂ ಈ ಪರೀಕ್ಷೆ ಬೇಕು: ನ್ಯಾಮತಿ, ಹೊನ್ನಾಳಿ, ಚನ್ನಗಿರಿ ಸೀಮೆಯ ನೀರಾವರಿ ಗದ್ದೆಗಳಲ್ಲಿ ಎಲೆ ಹಳದಿಯಾದರೆ ಸತು, ಸಾರಜನಕದ ಕೊರತೆಯೂ ಕಾರಣವಿರಬಹುದು. ಬರಿಗಣ್ಣನ್ನು ನಂಬಿ ಔಷಧಿ ಹೊಡೆಯುವುದು ಸರಿಯಲ್ಲ. ಟುಂಗ್ರೊ ಸಂಶಯವಿದ್ದಲ್ಲಿ ಎರಡೂ ವೈರಸ್‌ಗಳ ಪ್ರತಿಸೀರಮ್‌ಗಳು (ಪ್ರತಿಕಾಯವುಳ್ಳ ಸೀರಮ್‌ಗಳು) ಅಗತ್ಯ. ಗೋಳಾಕಾರದ ವೈರಸ್ ಒಂಟಿಯಾಗಿದ್ದರೆ ಪೈರು ಹೆಚ್ಚುಕಡಿಮೆ ಆರೋಗ್ಯವಾಗಿಯೇ ಕಾಣುತ್ತದೆ. ಆದರೂ ಕಡ್ಡಿಯಾಕಾರದ ವೈರಸ್ ಜಿಗಿಹುಳುವಿನ ಮೂಲಕ ದಾಟಲು ಗೋಳಾಕಾರದ್ದರ ನೆರವು ಬೇಕೇ ಬೇಕು.