ಅಟ್ಟದ ಬೀಜದಿಂದ ಪ್ಯಾಕೆಟ್ ಬೀಜಕ್ಕೆ

ಗಾವಡಗೆರೆ ಸುತ್ತಮುತ್ತ ಹೊಗೆಸೊಪ್ಪಿನ ಸಸಿಮಡಿ ಗೊತ್ತಿಲ್ಲದ ರೈತರು ಕಡಿಮೆ. ಮೊಳಕೆ ವಿಷಯ ನಮ್ಮವರಿಗೆ ಹೊಸದಲ್ಲ. ಆದರೆ ತರಕಾರಿ ಬೀಜದ ಕಥೆ ಐವತ್ತು ವರ್ಷದಲ್ಲಿ ಪೂರ್ತಿ ಬದಲಾಗಿದೆ.

ಮೊದಲು ಬೀಜ ಮನೆಯಲ್ಲೇ ಇರುತ್ತಿತ್ತು. ಒಣಗಿದ ಹೀರೆಕಾಯಿ ಒಲೆ ಮೇಲೆ ತೂಗುತ್ತಿತ್ತು, ಬದನೆ ಬೀಜ ಬೂದಿ ಜೊತೆ ಮಡಕೆ ಸೇರುತ್ತಿತ್ತು. ಆ ಬೀಜ ಚೆಲ್ಲಿದರೆ ಕೆಲವು ಬೇಗ ಮೊಳೆಯುತ್ತಿದ್ದವು, ಕೆಲವು ತಡ. ಸಸಿಗಳೂ ಒಂದೇ ಎತ್ತರವಲ್ಲ. ಮಣ್ಣು, ನೀರು, ಬೀಜದ ವಯಸ್ಸು ಕಾರಣ ಹೌದು. ವಂಶಗುಣವೂ ಅಷ್ಟೇ ಕಾರಣ. ಹಣ್ಣಿನಿಂದ ಆಗಷ್ಟೇ ತೆಗೆದ ಬದನೆ ಬೀಜ ಕೆಲವು ವಾರ ನಿದ್ದೆ ಮಾಡುತ್ತದೆ. ಎಷ್ಟು ದಿನ ಎಂಬುದು ತಳಿಯಿಂದ ತಳಿಗೆ ಬೇರೆ. ಎಲ್ಲವೂ ಒಟ್ಟಿಗೆ ಮೊಳೆಯದೆ ಇದ್ದದ್ದು ಮಳೆ ಕೈಕೊಟ್ಟ ವರ್ಷ ಉಪಕಾರವೇ ಆಗಿರಬೇಕು ಅನ್ನಿಸುತ್ತದೆ ನಮಗೆ.

1965ರಲ್ಲಿ ಮನಮೋಹನ ಅತ್ತಾವರ ಬೆಂಗಳೂರಿನಲ್ಲಿ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಕಟ್ಟಿದರು. 1973ರಲ್ಲಿ ಅವರ 'ಕರ್ನಾಟಕ' ಟೊಮ್ಯಾಟೊ, 'ಭಾರತ್' ದಪ್ಪ ಮೆಣಸಿನಕಾಯಿ ಹೈಬ್ರಿಡ್ ಬಂದವು. ಬೀಜ ಮಾಡುವ ಕೆಲಸ ರಾಣೆಬೆನ್ನೂರು ಕಡೆ ಹಬ್ಬಿತು. ಅಲ್ಲಿ ಹೂವಿನ ಕೇಸರ ಕಿತ್ತು, ಇನ್ನೊಂದು ತಳಿಯ ಪರಾಗ ಮುಟ್ಟಿಸುವುದು ಕೈಯಿಂದಲೇ. ಹೆಚ್ಚಾಗಿ ಹೆಂಗಸರ ಕೈ. ದರ ದುಬಾರಿಯಾಗಲು ಅದೂ ಒಂದು ಕಾರಣ.

ಹೈಬ್ರಿಡ್ ಸಸಿ ಯಾಕೆ ಒಂದೇ ಸಮ ಏಳುತ್ತದೆ? ಅಪ್ಪ-ಅಮ್ಮ ಎರಡೂ ಶುದ್ಧ ತಳಿ, ಹಾಗಾಗಿ ಮಕ್ಕಳೆಲ್ಲ ಒಂದೇ ಅಚ್ಚು. ಸಸಿಗೆ ಕಸುವೂ ಜಾಸ್ತಿ. ಪ್ರೊಟ್ರೇ ನರ್ಸರಿಯವರಿಗೆ ಬೇಕಾದ್ದು ಇದೇ. ಆದರೆ ಆ ಹಣ್ಣಿನ ಬೀಜ ಎತ್ತಿಟ್ಟು ಬಿತ್ತಿ ನೋಡಿ. ಅಜ್ಜ-ಅಜ್ಜಿಯರ ಗುಣ ಬಿಡಿಬಿಡಿಯಾಗಿ ಹೊರಬರುತ್ತದೆ: ಒಂದು ಗಿಡ ಗಿಡ್ಡ, ಒಂದು ಉದ್ದ, ಒಂದರ ಕಾಯಿ ಗೋಲಿ. ಮೆಂಡೆಲ್ ಎಂಬ ಪಾದ್ರಿ ಬಟಾಣಿಯಲ್ಲಿ ಇದನ್ನು ಲೆಕ್ಕ ಹಾಕಿ 1866ರಲ್ಲೇ ಅಚ್ಚು ಮಾಡಿಸಿದ್ದ. ಹೀಗೆ ಪ್ರತಿ ವರ್ಷ ಅಂಗಡಿಗೆ ಹೋಗುವುದು ನಮಗೆ ಕಾಯಂ ಆಯಿತು.

ಎಲ್ಲ ಪ್ಯಾಕೆಟ್ಟೂ ಹೈಬ್ರಿಡ್ ಅಲ್ಲ, ಇದನ್ನು ಅಂಗಡಿಯವರು ಬಾಯಿಬಿಟ್ಟು ಹೇಳುವುದು ಕಡಿಮೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿಗಳಿಗೆಲ್ಲ 'ಅರ್ಕಾ' ಎಂಬ ಹೆಸರು, ಅರ್ಕಾವತಿ ನದಿಯಿಂದ ಬಂದದ್ದು. 'ಅರ್ಕಾ ವಿಕಾಸ್' ಟೊಮ್ಯಾಟೊದ ಬೀಜ ಎತ್ತಿಡಬಹುದು. 'ಅರ್ಕಾ ರಕ್ಷಕ್' ಹೈಬ್ರಿಡ್, ಎತ್ತಿಟ್ಟರೆ ಕೆಡುತ್ತದೆ. ಮೈಸೂರಿನ ಹಸಿರು ಈರನಗೆರೆ ಬದನೆ ಉಳಿದಿರುವುದೂ ಬೀಜ ಎತ್ತಿಟ್ಟವರಿಂದಲೇ.

ಪ್ರಮಾಣಿತ ಬೀಜಕ್ಕೆ ಮೊಳಕೆಯ ಕನಿಷ್ಠ ಮಟ್ಟವೂ ಇದೆ: ಟೊಮ್ಯಾಟೊ, ಬದನೆಗೆ ನೂರಕ್ಕೆ 70, ಬೆಂಡೆಗೆ 65, ಮೆಣಸಿನಕಾಯಿಗೆ 60. ಒದ್ದೆ ಬಟ್ಟೆಯಲ್ಲಿ ನೂರು ಬೀಜ ಕಟ್ಟಿಟ್ಟು ಮನೆಯಲ್ಲೇ ಎಣಿಸಬಹುದು. ನಿಮ್ಮ ಬೆಳೆಯ ಬೀಜವನ್ನು ಬ್ರ್ಯಾಂಡ್ ಹೆಸರು ಹಾಕದೆ ಪಕ್ಕದವರಿಗೆ ಕೊಡಲು, ಮಾರಲು 2001ರ ಸಸ್ಯ ತಳಿ ಕಾಯ್ದೆಯಲ್ಲಿ ಹಕ್ಕಿದೆ.