ಹಳೆಯ ಸ್ಕೂಬಾ ರೆಗ್ಯುಲೇಟರ್‌ಗಳು: ಗುರುತಿಸುವ ವಿಧಾನ ಹಾಗೂ ಸುರಕ್ಷಿತ ಬಳಕೆ

ಮುಳುಗುಗಾರರು ಬೆನ್ನಿಗೆ ಕಟ್ಟಿಕೊಳ್ಳುವ ಸಿಲಿಂಡರಿನಲ್ಲಿ ಗಾಳಿಯು ಅತ್ಯಧಿಕ ಒತ್ತಡದಲ್ಲಿ ತುಂಬಿರುತ್ತದೆ. ಆ ಗಾಳಿಯನ್ನು ಸುತ್ತಲಿನ ನೀರಿನ ಒತ್ತಡಕ್ಕೆ ಸಮನಾಗಿ ಇಳಿಸಿ, ಉಸಿರೆಳೆದಾಗ ಮಾತ್ರ ಬಾಯಿಗೆ ಒದಗಿಸುವ ಸಾಧನವೇ ರೆಗ್ಯುಲೇಟರ್. 1940ರ ದಶಕದಿಂದ 1970ರ ದಶಕದವರೆಗೆ ತಯಾರಾದ ಇಂತಹ ಸಾಧನಗಳು ಹರಾಜುಗಳಲ್ಲಿಯೂ ಹಳೆಯ ಸಾಮಾನುಗಳ ಮಾರಾಟದಲ್ಲಿಯೂ ಇಂದಿಗೂ ದೊರೆಯುತ್ತವೆ. ಇವುಗಳನ್ನು ಸಂಗ್ರಹಿಸಿ ಕಪಾಟಿನಲ್ಲಿ ಇಡುವುದರಿಂದ ಯಾವ ಅಪಾಯವೂ ಇಲ್ಲ. ಆದರೆ ನೀರಿಗೆ ಇಳಿಸುವುದಾದಲ್ಲಿ, ಕೈಯಲ್ಲಿರುವುದು ಯಾವ ಮಾದರಿ ಮತ್ತು ಅದರಲ್ಲಿ ಏನೇನು ಇಲ್ಲ ಎಂಬುದನ್ನು ಮೊದಲು ತಿಳಿಯತಕ್ಕದ್ದು.

ಹಿನ್ನೆಲೆ

ಫ್ರೆಂಚ್ ನೌಕಾಪಡೆಯ ಅಧಿಕಾರಿ ಜಾಕ್ ಕುಸ್ಟೊ ಹಾಗೂ ಏರ್ ಲಿಕ್ವಿಡ್ ಸಂಸ್ಥೆಯ ಎಂಜಿನಿಯರ್ ಎಮಿಲ್ ಗಾನ್ಯಾನ್ ಅವರು 1943ರಲ್ಲಿ ‘ಆಕ್ವಾ ಲಂಗ್’ ಸಾಧನವನ್ನು ರೂಪಿಸಿದರು. ಯುದ್ಧಕಾಲದ ಇಂಧನ ಕೊರತೆಯಿಂದಾಗಿ ಮೋಟಾರು ಕಾರುಗಳನ್ನು ಅನಿಲದಿಂದ ಓಡಿಸಲು ಗಾನ್ಯಾನ್ ಸಿದ್ಧಪಡಿಸುತ್ತಿದ್ದ ಕವಾಟವೇ ಇದಕ್ಕೆ ಮೂಲ. ಪ್ಯಾರಿಸ್ ಬಳಿಯ ಮಾರ್ನ್ ನದಿಯಲ್ಲಿ ನಡೆದ ಮೊದಲ ಪರೀಕ್ಷೆ ತೃಪ್ತಿಕರವಾಗಿರಲಿಲ್ಲ. ದೇಹ ನೆಟ್ಟಗಿದ್ದಾಗ ಗಾಳಿ ತಾನಾಗಿಯೇ ಸುರಿದು ಹೋಗುತ್ತಿತ್ತು. ತಲೆಕೆಳಗಾದಾಗ ಉಸಿರೆಳೆಯುವುದೇ ಕಷ್ಟವಾಗುತ್ತಿತ್ತು. ಗಾಳಿ ಒಳಬರುವ ಹಾಗೂ ಹೊರಹೋಗುವ ದ್ವಾರಗಳು ಬೇರೆ ಬೇರೆ ಮಟ್ಟದಲ್ಲಿದ್ದು, ಅವುಗಳ ಮೇಲಿನ ನೀರಿನ ಒತ್ತಡದಲ್ಲಿ ವ್ಯತ್ಯಾಸ ಉಂಟಾಗುತ್ತಿದ್ದುದೇ ಇದಕ್ಕೆ ಕಾರಣ. ಬಿಟ್ಟ ಉಸಿರನ್ನು ಇನ್ನೊಂದು ನಳಿಕೆಯ ಮೂಲಕ ಬೆನ್ನಿನ ಹಿಂದಕ್ಕೆ ಒಯ್ದು, ಡಯಾಫ್ರಾಮಿನ ಪಕ್ಕದಲ್ಲಿಯೇ ಹೊರಬಿಟ್ಟಾಗ ದೋಷ ನಿವಾರಣೆಯಾಯಿತು. ಹಳೆಯ ಚಿತ್ರಗಳಲ್ಲಿ ಮುಳುಗುಗಾರರ ಮುಖದ ಎರಡೂ ಬದಿಯಲ್ಲಿ ಕಾಣುವ ದಪ್ಪ ನಳಿಕೆಗಳು ಅಲಂಕಾರಕ್ಕಾಗಿ ಇದ್ದವಲ್ಲ.

ಒಂದೇ ನಳಿಕೆಯ ರೆಗ್ಯುಲೇಟರನ್ನು ಆಸ್ಟ್ರೇಲಿಯಾದ ಟೆಡ್ ಎಲ್ಡ್ರೆಡ್ ಅವರು 1952ರಲ್ಲಿ ‘ಪಾರ್ಪಸ್’ ಹೆಸರಿನಲ್ಲಿ ಮಾರಾಟಕ್ಕೆ ತಂದರು. ಇಂದು ಬಳಕೆಯಲ್ಲಿರುವುದು ಈ ಬಗೆ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ತೆರಳಿ ಮುಳುಗಿದವರು ಕಂಡಿರುವುದೂ ಇದನ್ನೇ.

ಗುರುತಿಸುವ ವಿಧಾನ

ಸಿಲಿಂಡರಿನ ಕವಾಟಕ್ಕೆ ಬಿಗಿಯುವ ದುಂಡನೆಯ ಹಿತ್ತಾಳೆಯ ಡಬ್ಬಿ, ಅದರ ಎರಡು ಬದಿಯಿಂದ ಹೊರಟು ಬಾಯಿಯ ಬಳಿ ಕೂಡುವ ಮಡಿಕೆಯುಳ್ಳ ರಬ್ಬರ್ ನಳಿಕೆಗಳು – ಇವಿಷ್ಟಿದ್ದರೆ ಅದು ಜೋಡಿ ನಳಿಕೆಯ ರೆಗ್ಯುಲೇಟರ್. ಡಬ್ಬಿಯ ಮುಚ್ಚಳದ ಮೇಲಿನ ಫಲಕದಲ್ಲಿ ತಯಾರಕರ ಹಾಗೂ ಮಾದರಿಯ ಹೆಸರು ಇರುತ್ತದೆ. ಫ್ರಾನ್ಸಿನ ಲಾ ಸ್ಪಿರೋಟೆಕ್ನಿಕ್, ಅಮೆರಿಕದ ಯು.ಎಸ್. ಡೈವರ್ಸ್, ಡೇಕರ್ ಮತ್ತು ಹೆಲ್ತ್‌ವೇಸ್, ಬ್ರಿಟನ್ನಿನ ಸೀಬ್ ಗೋರ್ಮನ್, ಸ್ಪೇನಿನ ನೆಮ್ರಾಡ್ ಇವು ಹೆಚ್ಚಾಗಿ ಕಂಡುಬರುವ ಹೆಸರುಗಳು.

ಹೆಸರಿನ ನಂತರ ಹಂತಗಳನ್ನು ನೋಡಬೇಕು. 1955ರ ‘ಮಿಸ್ಟ್ರಾಲ್’ ಮಾದರಿಯು ಸಿಲಿಂಡರಿನ ಒತ್ತಡವನ್ನು ಒಂದೇ ಹಂತದಲ್ಲಿ ಇಳಿಸುತ್ತದೆ. ಯು.ಎಸ್. ಡೈವರ್ಸ್ ಸಂಸ್ಥೆಯ ‘ಡಿಎ ಆಕ್ವಾ ಮಾಸ್ಟರ್’ ಮತ್ತು 1960ರ ದಶಕದ ‘ರಾಯಲ್ ಆಕ್ವಾ ಮಾಸ್ಟರ್’ ಎರಡು ಹಂತದವು. ಇವೆರಡರಲ್ಲಿ ‘ರಾಯಲ್’ ಸಮತೋಲಿತ ಕವಾಟವುಳ್ಳದ್ದು. ಸಿಲಿಂಡರಿನಲ್ಲಿ ಗಾಳಿ ಇಳಿಯುತ್ತ ಬಂದರೂ ಉಸಿರಾಟದ ಸರಾಗತೆ ಹೆಚ್ಚು ಬದಲಾಗುವುದಿಲ್ಲ. 2005ರಲ್ಲಿ ಆಕ್ವಾ ಲಂಗ್ ಸಂಸ್ಥೆಯು ‘ಮಿಸ್ಟ್ರಾಲ್’ ಹೆಸರಿನಲ್ಲಿಯೇ ಮತ್ತೊಂದು ಜೋಡಿ ನಳಿಕೆಯ ಸಾಧನವನ್ನು ಹೊರತಂದಿತು. ಅದು ಎರಡು ಹಂತದ್ದಾಗಿದ್ದು, ಹೆಸರೊಂದನ್ನೇ ನೋಡಿ ಕೊಳ್ಳುವವರು ಮೋಸಹೋಗುವ ಸಂಭವವಿದೆ.

ಒಂದೇ ನಳಿಕೆಯ ಹಳೆಯ ಮಾದರಿಗಳಲ್ಲಿ ಅಪಾಯ ಬೇರೆ ರೀತಿಯದು. ನೋಡಲು ಇಂದಿನವುಗಳಂತೆಯೇ ಇರುವುದರಿಂದ ಇವುಗಳ ಬಗ್ಗೆ ಯಾರೂ ಸಂಶಯಪಡುವುದಿಲ್ಲ. ಇಂದಿನ ಸಾಧನಗಳಲ್ಲಿ ಗೇಜಿಗೆ ಮೀಸಲಾದ ಅಧಿಕ ಒತ್ತಡದ ರಂಧ್ರದ ಮರೆ ಬೇರೆ ಅಳತೆಯದಾದ ಕಾರಣ ಅಲ್ಲಿ ಕಡಿಮೆ ಒತ್ತಡದ ಕೊಳವೆಯನ್ನು ಕೂರಿಸಲು ಬಾರದು. ಹಳೆಯ ಅನೇಕ ಮಾದರಿಗಳಲ್ಲಿ ಎರಡಕ್ಕೂ ಒಂದೇ ಅಳತೆ, ಎಂದರೆ 3/8 ಅಂಗುಲ. ತಪ್ಪಾಗಿ ಜೋಡಿಸಿದಲ್ಲಿ ಸಿಲಿಂಡರಿನ ಪೂರ್ಣ ಒತ್ತಡವು ಕಡಿಮೆ ಒತ್ತಡದ ಕೊಳವೆಗೆ ನುಗ್ಗಿ ಕೊಳವೆ ಸಿಡಿಯುತ್ತದೆ. ಇನ್ನು ಕೆಲವು ಮಾದರಿಗಳ ಬಾಯಿಭಾಗದ ಕವಾಟವು ಒತ್ತಡ ಹೆಚ್ಚಿದಂತೆಲ್ಲ ಮತ್ತಷ್ಟು ಬಿಗಿಯಾಗಿ ಮುಚ್ಚಿಕೊಳ್ಳುವ ರಚನೆಯದು. ಮೊದಲ ಹಂತದಲ್ಲಿ ಸೋರಿಕೆಯಾದರೆ ಇಲ್ಲಿ ಗಾಳಿ ತಾನಾಗಿ ಹೊರಹರಿಯದೆ ನಿಂತೇ ಹೋಗುತ್ತದೆ. ಹೆಚ್ಚುವರಿ ಒತ್ತಡ ಬಿಡುಗಡೆ ಮಾಡುವ ಕವಾಟವಿಲ್ಲದೆ ಇವುಗಳನ್ನು ಬಳಸತಕ್ಕದ್ದಲ್ಲ.

ಹಳೆಯ ಸಾಧನದಲ್ಲಿ ಇಲ್ಲದಿರುವುದು

ಜೋಡಿ ನಳಿಕೆಯ ಹಳೆಯ ಮಾದರಿಗಳಲ್ಲಿ ಸಾಮಾನ್ಯವಾಗಿ ಒತ್ತಡದ ಗೇಜನ್ನು ಜೋಡಿಸಲು ರಂಧ್ರವಿರುವುದಿಲ್ಲ. ಸಂಗಡಿಗನಿಗೆ ಕೊಡಲು ಎರಡನೆಯ ಬಾಯಿಭಾಗವಿಲ್ಲ, ತೇಲುವ ಜಾಕೆಟ್ಟಿಗೆ ಗಾಳಿ ತುಂಬುವ ಕೊಳವೆಯೂ ಇಲ್ಲ. ಅಂದಿನ ಮುಳುಗುಗಾರರು ‘ಜೆ’ ಕವಾಟವನ್ನು ನಂಬಿ ಇಳಿಯುತ್ತಿದ್ದರು. ಸಿಲಿಂಡರಿನ ಒತ್ತಡ ಚದರ ಅಂಗುಲಕ್ಕೆ ಸುಮಾರು 300 ಪೌಂಡಿಗೆ ಇಳಿದಾಗ ಉಸಿರಾಟ ಬಿಗಿಯಾಗುತ್ತದೆ. ಸನ್ನೆಯನ್ನು ಕೆಳಗೆ ಎಳೆದರೆ ಉಳಿಕೆ ಗಾಳಿ ದೊರೆಯುತ್ತದೆ. ಗಾಳಿ ತುಂಬಿಸುವಾಗ ಸನ್ನೆ ಕೆಳಗಿರಬೇಕು, ನೀರಿಗಿಳಿಯುವಾಗ ಮೇಲಿರಬೇಕು. ಹಗ್ಗಕ್ಕೋ ಬಂಡೆಗೋ ತಗುಲಿ ಸನ್ನೆಯು ಅರಿವಿಲ್ಲದೆ ಕೆಳಗಿಳಿದಿದ್ದಲ್ಲಿ, ಎಳೆಯುವ ಹೊತ್ತಿಗೆ ಉಳಿಕೆ ಏನೂ ಇರುವುದಿಲ್ಲ. ಆದ್ದರಿಂದ ಕವಾಟ ಮತ್ತು ರೆಗ್ಯುಲೇಟರಿನ ನಡುವೆ ಜೋಡಣೆಯೊಂದನ್ನು ಸೇರಿಸಿ ಗೇಜನ್ನು ಅಳವಡಿಸಿಕೊಳ್ಳುವುದು ಅವಶ್ಯ. ಹಳೆಯ ರೂಪ ಕೆಡುತ್ತದೆ ಎಂಬ ಆಕ್ಷೇಪಣೆಯನ್ನು ಇಲ್ಲಿ ಪರಿಗಣಿಸಲಾಗದು.

ಸಿಲಿಂಡರುಗಳೂ ಬದಲಾಗಿವೆ. ಅಮೆರಿಕದ ಹಳೆಯ ಉಕ್ಕಿನ ಸಿಲಿಂಡರುಗಳ ಒತ್ತಡ ಚದರ ಅಂಗುಲಕ್ಕೆ 2,250 ಪೌಂಡು. ಇಂದಿನ ಸಾಮಾನ್ಯ ಅಲ್ಯೂಮಿನಿಯಂ ಸಿಲಿಂಡರಿನದು 3,000 ಪೌಂಡು. ಹಳೆಯ ಹಿಡಿಕಟ್ಟು ಹೊಸ ಕವಾಟಕ್ಕೆ ಕೂರಿತೆಂದ ಮಾತ್ರಕ್ಕೆ ಆ ಒತ್ತಡವನ್ನು ತಾಳುತ್ತದೆ ಎಂದು ಭಾವಿಸಬಾರದು.

ಪರಿಶೀಲನೆ

ಮೊದಲು ಗಾಳಿ ಪ್ರವೇಶಿಸುವಲ್ಲಿನ ಲೋಹದ ಸೋಸುಕವನ್ನು ನೋಡಬೇಕು. ಹಸಿರು ಬಣ್ಣವಿದ್ದರೆ ಒಳಗೆ ನೀರು ಹೋಗಿ ಹಿತ್ತಾಳೆ ಕಿಲುಬುಗಟ್ಟಿದೆ. ಕಂದುಗೆಂಪು ಬಣ್ಣವಿದ್ದರೆ ಉಕ್ಕಿನ ಸಿಲಿಂಡರಿನ ತುಕ್ಕು ಸೇರಿದೆ. ನಂತರ ನಳಿಕೆಗಳನ್ನು ಹಿಗ್ಗಿಸಿ, ಮಡಿಕೆಗಳ ತಳದಲ್ಲಿ ಬಿರುಕು ಇದೆಯೇ ಎಂದು ಪರೀಕ್ಷಿಸಬೇಕು. ಡಬ್ಬಿಯೊಳಗೆ ಬಾತುಕೋಳಿಯ ಕೊಕ್ಕಿನಂತಿರುವ ರಬ್ಬರ್ ಕವಾಟದ ಮೂಲಕ ಬಿಟ್ಟ ಉಸಿರು ಹೊರಹೋಗುತ್ತದೆ. ಅದು ಅಂಟಿಕೊಂಡಿದ್ದರೂ ಹರಿದಿದ್ದರೂ ಸಾಧನ ನಿರುಪಯೋಗಿ. ಗಾಳಿಯ ದ್ವಾರವನ್ನು ಮುಚ್ಚಿ ಬಾಯಿಯಿಂದ ಎಳೆದಾಗ ಸ್ವಲ್ಪವೂ ಗಾಳಿ ಬರಬಾರದು. ಬಂದಲ್ಲಿ ಡಯಾಫ್ರಾಂ, ನಳಿಕೆ ಅಥವಾ ಕವಾಟ ಸೋರುತ್ತಿದೆ. ಫಳಫಳ ಹೊಳೆಯುವ ಹಿತ್ತಾಳೆಗೆ ಹೆಚ್ಚು ಬೆಲೆ ಬರುತ್ತದೆಯಾದರೂ ರಬ್ಬರಿನ ಸ್ಥಿತಿಯನ್ನು ಅದು ತಿಳಿಸುವುದಿಲ್ಲ. ದಶಕಗಳ ಹಿಂದಿನ ರಬ್ಬರ್ ಭಾಗಗಳನ್ನೆಲ್ಲ ಬದಲಿಸಿ, ಆ ಮಾದರಿಯನ್ನು ಬಲ್ಲ ತಂತ್ರಜ್ಞರಿಂದ ಒತ್ತಡವನ್ನು ಸರಿಪಡಿಸಿಕೊಂಡ ನಂತರವೇ ನೀರಿಗಿಳಿಸಬೇಕು. ಆಮ್ಲಜನಕದ ಪ್ರಮಾಣ ಹೆಚ್ಚಿರುವ ಮಿಶ್ರಣಗಳನ್ನು ಇವುಗಳಲ್ಲಿ ಬಳಸಬಾರದು. ಹಳೆಯ ಗ್ರೀಸು ಹೊತ್ತಿಕೊಳ್ಳುವ ಸಂಭವವಿದೆ.

ಬಳಕೆ

ಮೊದಲ ಪ್ರಯೋಗ ಈಜುಕೊಳದಲ್ಲಿಯೇ ಆಗಬೇಕು. ಜೋಡಿ ನಳಿಕೆಯ ಸಾಧನವು ಬೆನ್ನಿನ ಮೇಲಿರುವುದರಿಂದ, ಬೋರಲಾಗಿ ಈಜುವಾಗ ಅದು ಶ್ವಾಸಕೋಶಕ್ಕಿಂತ ಮೇಲಿದ್ದು ಉಸಿರೆಳೆಯಲು ತುಸು ಶ್ರಮವಾಗುತ್ತದೆ. ಅಂಗಾತವಾದಾಗ ಗಾಳಿ ತಾನಾಗಿ ಬರುತ್ತದೆ. ಬಾಯಿಭಾಗ ಕೈತಪ್ಪಿ ಮೇಲೆ ತೇಲಿದರೆ ಗಾಳಿ ರಭಸವಾಗಿ ಸುರಿಯುತ್ತದೆ. ಒತ್ತಿ ನೀರು ಹೊರಹಾಕುವ ಗುಂಡಿ ಇದರಲ್ಲಿಲ್ಲ. ಉಸಿರು ಹೊರಹೋಗುವ ನಳಿಕೆಯ ಕಡೆಗೆ, ಎಂದರೆ ಸಾಮಾನ್ಯವಾಗಿ ಎಡಕ್ಕೆ, ಹೊರಳಿ ಊದಿ ನೀರನ್ನು ತೆರವುಗೊಳಿಸಬೇಕು. ಗುಳ್ಳೆಗಳು ತಲೆಯ ಹಿಂದೆ ಏಳುವುದರಿಂದ ಕಣ್ಣಿನ ಮುಂದೆ ನೋಟ ನಿಚ್ಚಳವಾಗಿರುತ್ತದೆ. ಛಾಯಾಗ್ರಾಹಕರು ಇದನ್ನು ಮೆಚ್ಚುವುದು ಈ ಕಾರಣಕ್ಕೆ.

ಸಂಗಡಿಗನು ಎರಡನೆಯ ಬಾಯಿಭಾಗವುಳ್ಳ ಇಂದಿನ ಸಾಧನವನ್ನು ಧರಿಸಿರತಕ್ಕದ್ದು. ಗಾಳಿ ಮುಗಿದಲ್ಲಿ ಯಾರು ಯಾರಿಗೆ ಏನು ಕೊಡಬೇಕೆಂಬುದನ್ನು ದಡದಲ್ಲಿಯೇ ತೀರ್ಮಾನಿಸಿ ಅಭ್ಯಾಸ ಮಾಡಿರಬೇಕು. ಹಳೆಯ ಸಾಧನದೊಂದಿಗೆ ದೊರೆತ ಕೈಪಿಡಿಯಲ್ಲಿನ ಕೋಷ್ಟಕಗಳನ್ನು ಅನುಸರಿಸಬಾರದು. ಅಂದು ನಿಮಿಷಕ್ಕೆ 60 ಅಡಿಯಂತೆ ಮೇಲೇರಬಹುದೆಂದು ಹೇಳಲಾಗುತ್ತಿತ್ತು. ಅಮೆರಿಕ ನೌಕಾಪಡೆಯು 1993ರಲ್ಲಿ ಅದನ್ನು 30 ಅಡಿಗೆ ಇಳಿಸಿತು. ಮೇಲೇರುವಾಗ ಉಸಿರು ಬಿಗಿಹಿಡಿಯಬಾರದೆಂಬ ನಿಯಮ ಮಾತ್ರ ಅಂದಿನಂತೆಯೇ ಇಂದಿಗೂ ಇದೆ.

ಬಳಸಿದ ನಂತರ ಗಾಳಿಯ ದ್ವಾರವನ್ನು ಮುಚ್ಚಿ ಸಿಹಿನೀರಿನಲ್ಲಿ ತೊಳೆದು, ನಳಿಕೆಗಳೊಳಗಿನ ನೀರನ್ನು ಬಸಿದು, ನೆರಳಿನಲ್ಲಿ ಒಣಗಿಸಿ ಇಡತಕ್ಕದ್ದು.