ಗಾಂಜಾ, ಹೊಗೆಸೊಪ್ಪು ಮತ್ತು ಕೂಟಲೇಖ

ಶ್ರಾವಕನು ತೊರೆಯಬೇಕಾದ ಸಪ್ತವ್ಯಸನಗಳಲ್ಲಿ ಮದ್ಯವುಂಟು, ಹೊಗೆಸೊಪ್ಪಿನ ಹೆಸರಿಲ್ಲ. ಆಚಾರ್ಯರು ಆ ಪಟ್ಟಿಯನ್ನು ಮಾಡಿದ ಕಾಲಕ್ಕೆ ಹೊಗೆಸೊಪ್ಪು ಈ ದೇಶಕ್ಕೆ ಬಂದೇ ಇರಲಿಲ್ಲ. ಅಮೆರಿಕ ಖಂಡದ ಆ ಗಿಡವನ್ನು ಪೋರ್ಚುಗೀಸರು ಪಶ್ಚಿಮ ಕರಾವಳಿಗೆ ತಂದರು. 1604ರ ಸುಮಾರಿಗೆ ಬಿಜಾಪುರದಲ್ಲಿದ್ದ ಮೊಗಲ್ ದೂತ ಅಸದ್ ಬೇಗನು ಅದನ್ನು ಅಲ್ಲಿ ಕಂಡು, ಅಕ್ಬರನ ಆಸ್ಥಾನಕ್ಕೆ ಕೊಂಡೊಯ್ದನು. ಭಂಗಿಯಾದರೋ ಬಹು ಹಿಂದಿನದು. ವೈದ್ಯರ ಮದ್ದಿನಲ್ಲಿಯೂ ಬೈರಾಗಿಗಳ ಚಿಲುಮೆಯಲ್ಲಿಯೂ ಅದಕ್ಕೆ ಸ್ಥಾನವಿತ್ತು.

ಬೆಂಗಳೂರಿನಲ್ಲಿ 1840ರ ದಶಕದ ಕೊನೆಯಲ್ಲಿ ಹುಚ್ಚಾಸ್ಪತ್ರೆಯೊಂದು ಸ್ಥಾಪಿತವಾಯಿತು. 1925ರಲ್ಲಿ ಅದಕ್ಕೆ ಮಾನಸಿಕ ಆಸ್ಪತ್ರೆಯೆಂಬ ಗೌರವದ ಹೆಸರು ಬಂದಿತು. 1937ರಲ್ಲಿ ಹೊಸೂರು ರಸ್ತೆಯ ಹೊಸ ಕಟ್ಟಡಗಳಿಗೆ ಸಾಗಿತು. 1974ರಲ್ಲಿ ನಿಮ್ಹಾನ್ಸ್ ಸಂಸ್ಥೆಯಲ್ಲಿ ಸೇರಿತು. ಕೋರ, ಗುಬ್ಬಿ, ಕುಣಿಗಲ್ಲುಗಳ ಕಡೆಯಿಂದ ಮನೋರೋಗಿಗಳನ್ನು ಕರೆದೊಯ್ಯುವ ದಾರಿ ಇಂದಿಗೂ ಅದೇ. ರೋಗಿಯು ಆಸ್ಪತ್ರೆಯನ್ನು ಮುಟ್ಟುವ ಮೊದಲೇ ಊರು ತನ್ನ ತೀರ್ಪನ್ನು ಕೊಟ್ಟಿರುತ್ತದೆ: "ಸೇದಿ ಸೇದಿ ತಲೆ ಕೆಟ್ಟಿತು." ಈ ತೀರ್ಪಿಗೂ ಒಂದು ಇತಿಹಾಸವಿದೆ.

ಬ್ರಿಟಿಷ್ ಇಂಡಿಯಾದ ಹುಚ್ಚಾಸ್ಪತ್ರೆಗಳಲ್ಲಿ ಪ್ರತಿ ರೋಗಿಗೂ ಒಂದು ವಿವರಪಟ್ಟಿ ಇರುತ್ತಿತ್ತು. ಅದರಲ್ಲಿ 'ರೋಗದ ಕಾರಣ' ಎಂಬುದೊಂದು ಅಂಕಣ. ಅದನ್ನು ತುಂಬುತ್ತಿದ್ದವರು ಬಹುಮಟ್ಟಿಗೆ ವೈದ್ಯರಲ್ಲ, ರೋಗಿಯನ್ನು ಹಿಡಿದು ತಂದ ಪೊಲೀಸರು. ಬೀದಿಯಲ್ಲಿ ಸಿಕ್ಕವನ ಪೂರ್ವೋತ್ತರ ತಿಳಿಯದಿದ್ದಾಗ, ಖಾಲಿ ಬಿಡಲಾಗದೆ 'ಗಾಂಜಾ' ಎಂದು ಬರೆಯುವುದು ಸುಲಭವಾಗಿತ್ತು. ಆಸ್ಪತ್ರೆಯ ದಫ್ತರವು ಅದನ್ನೇ ನಕಲು ಮಾಡುತ್ತಿತ್ತು. ವರ್ಷದ ಕೊನೆಗೆ ಅದೇ ಸರ್ಕಾರದ ಅಂಕಿಅಂಶವಾಗುತ್ತಿತ್ತು. ಆ ಅಂಕಿಗಳನ್ನು ನಂಬಿ ಲಂಡನ್ನಿನ ಸಂಸತ್ತಿನಲ್ಲಿ ಪ್ರಶ್ನೆಗಳೆದ್ದಾಗ, 1893ರಲ್ಲಿ ಮ್ಯಾಕ್‌ವರ್ತ್ ಯಂಗ್ ಅಧ್ಯಕ್ಷತೆಯಲ್ಲಿ ವಿಚಾರಣಾ ಆಯೋಗವು ನೇಮಕವಾಯಿತು. ಅದು 1,193 ಸಾಕ್ಷಿಗಳನ್ನು ಕೇಳಿತು. 1892ರಲ್ಲಿ ದಾಖಲಾದ ರೋಗಿಗಳ ಕಡತಗಳನ್ನು ಒಂದೊಂದಾಗಿ ತೆರೆದು, ಅವರವರ ಊರಿನಲ್ಲಿ ಮರುವಿಚಾರಣೆ ನಡೆಸಿತು. 1,344 ರೋಗಿಗಳಲ್ಲಿ ಗಾಂಜಾ ಒಂದು ಕಾರಣವಿರಬಹುದೆಂದು ಒಪ್ಪಬಹುದಾದವರು 98 ಮಂದಿ ಮಾತ್ರ ಉಳಿದರು.

ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು ಎಣಿಸುತ್ತದೆ. ಸುಳ್ಳು ಪತ್ರವೆಂದೊಡನೆ ನಮಗೆ ಸಾಲದ ಪತ್ರ, ಜಮೀನಿನ ಪತ್ರಗಳೇ ನೆನಪಾಗುತ್ತವೆ. ಆದರೆ ತನ್ನ ಪರವಾಗಿ ನುಡಿಯಲಾರದ ರೋಗಿಯ ಹೆಸರಿನ ಮುಂದೆ, ತಿಳಿಯದ ಕಾರಣವನ್ನು ತಿಳಿದಂತೆ ಬರೆಯುವುದೂ ಕೂಟಲೇಖವಲ್ಲದೆ ಮತ್ತೇನು?

ಹಾಗೆಂದು ಆಯೋಗವು ಗಾಂಜಾವನ್ನು ನಿರ್ದೋಷಿಯೆಂದೇನೂ ಬಿಡಲಿಲ್ಲ. ಮಿತಿಮೀರಿದ ಸೇವನೆಯು ದುರ್ಬಲ ಮನಸ್ಸನ್ನು ಕೆಡಿಸುವುದೆಂದೂ ಅದು ಬರೆಯಿತು. ಈ ಎಚ್ಚರಿಕೆಯನ್ನು ನಂತರದ ವಿಜ್ಞಾನವು ಬಲಪಡಿಸಿದೆ. ಸ್ವೀಡನ್ನಿನಲ್ಲಿ ಸೈನ್ಯಕ್ಕೆ ಸೇರಿದ 45,570 ತರುಣರನ್ನು ಅನುಸರಿಸಿ 1987ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಐವತ್ತಕ್ಕಿಂತ ಹೆಚ್ಚು ಬಾರಿ ಗಾಂಜಾ ಸೇವಿಸಿದ್ದವರಿಗೆ ಸ್ಕಿಜೋಫ್ರೇನಿಯಾ ತಗಲುವ ಸಂಭವ ಸೇವಿಸದವರಿಗಿಂತ ಆರು ಪಟ್ಟು ಕಂಡುಬಂದಿತು. ಮನೆತನದಲ್ಲಿ ಈ ರೋಗವಿದ್ದ ತರುಣನಿಗೆ ಚಿಲುಮೆಯು ಆಟದ ವಸ್ತುವಲ್ಲ.

ಹೊಗೆಸೊಪ್ಪಿನ ಮೇಲೆ ಇಂತಹ ವಿಚಾರಣೆ ಯಾವುದೂ ನಡೆಯಲಿಲ್ಲ. ಬೀಡಿ ಸೇದುವವನನ್ನು ಹುಚ್ಚನೆಂದು ಯಾರೂ ಕರೆಯಲಿಲ್ಲವಷ್ಟೆ. ತೀವ್ರ ಮನೋರೋಗಿಗಳ ಆಯುಷ್ಯವನ್ನು ಕಡಿಮೆ ಮಾಡುವ ಹೃದ್ರೋಗ, ಶ್ವಾಸರೋಗಗಳಲ್ಲಿ ಹೊಗೆಯ ಪಾಲು ಮಾತ್ರ ದೊಡ್ಡದು. ಆದುದರಿಂದ ಬಿಡಿಸುವುದು ಸರಿಯೇ. ಆದರೆ ಬಿಡಿಸುವ ಬಗೆಯೊಂದಿದೆ, ಬಸದಿಯ ಸಮಿತಿಗಳವರೂ ಅದನ್ನು ಅರಿತಿರಬೇಕು. ಬೀಡಿಯ ಹೊಗೆಯಲ್ಲಿನ ಕೆಲವು ರಾಸಾಯನಿಕಗಳು ಯಕೃತ್ತಿನ ಕಿಣ್ವವೊಂದನ್ನು ಚುರುಕುಗೊಳಿಸುತ್ತವೆ. ಕ್ಲೋಜಪಿನ್, ಒಲಾಂಜಪಿನ್ ಎಂಬ ಔಷಧಿಗಳು ಆಗ ಬೇಗನೆ ಕರಗಿಹೋಗುವುದರಿಂದ, ಸೇದುವ ರೋಗಿಗೆ ವೈದ್ಯರು ಹೆಚ್ಚಿನ ಪ್ರಮಾಣವನ್ನು ಕೊಟ್ಟಿರುತ್ತಾರೆ. ಅಂತಹವನು ಮಂದರಗಿರಿಯಲ್ಲಿಯೋ ನಿಟ್ಟೂರಿನ ಬಸದಿಯಲ್ಲಿಯೋ ಮುನಿಗಳ ಮುಂದೆ ಧೂಮಪಾನತ್ಯಾಗದ ನಿಯಮ ತೆಗೆದುಕೊಂಡು ಅಂದೇ ಬಿಟ್ಟರೆ, ಕೆಲವೇ ದಿನಗಳಲ್ಲಿ ಔಷಧಿಯು ರಕ್ತದಲ್ಲಿ ಏರುತ್ತದೆ. ಮಂಪರು, ತೂರಾಟ, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು. ನೋಡಿದವರು ರೋಗ ಮರುಕಳಿಸಿತೆಂದೋ ವ್ರತ ಭಾರವಾಯಿತೆಂದೋ ತಪ್ಪು ತಿಳಿಯುತ್ತಾರೆ. ನಿಯಮದ ದಿನವನ್ನು ಮೊದಲೇ ವೈದ್ಯರಿಗೆ ತಿಳಿಸಿದರೆ ಅವರು ಮಾತ್ರೆಯನ್ನು ಇಳಿಸಿಕೊಡುತ್ತಾರೆ. ಬೀಡಿ ಬಿಟ್ಟು ಕಡ್ಡಿಪುಡಿಗೆ ತಿರುಗಿದವನಿಗೂ ಇದೇ ಮಾತು ಅನ್ವಯಿಸುತ್ತದೆ. ಕಡ್ಡಿಪುಡಿಯಲ್ಲಿ ಹೊಗೆಸೊಪ್ಪು ಇದೆ, ಹೊಗೆ ಇಲ್ಲ.